ನಿಮಗಿದು ಗೊತ್ತೇ? ಮೂರು ಆಸ್ಕರ್ ಗೆದ್ದ 'ಮುದುಕ' ವಾಲ್ಟರ್ ಬ್ರೆನನ್

● ನಟನೆಗಾಗಿ ಮೂರು ಆಸ್ಕರ್ ಗೆದ್ದ ಮೊಟ್ಟಮೊದಲ ಕಲಾವಿದ ಯಾರು? ಗ್ಯಾರಿ ಕೂಪರ್ ಅಲ್ಲ, ಹಂಫ್ರಿ ಬೊಗಾರ್ಟ್ ಅಲ್ಲ, ಸ್ಪೆನ್ಸರ್ ಟ್ರೇಸಿಯೂ ಅಲ್ಲ. ಈ ಮೂವರ ಪಕ್ಕದಲ್ಲೂ ನಿಂತು ನಟಿಸಿದ ವಾಲ್ಟರ್ ಬ್ರೆನನ್. ಕುಂಟು ನಡಿಗೆ, ಬೊಚ್ಚು ಬಾಯಿ, ಕೀರಲು ದನಿ, ಸದಾ ಗೊಣಗಾಟ. ಹಾಲಿವುಡ್‌ನ ಹಳೆಯ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಹೆಸರು ಗೊತ್ತಿರದಿದ್ದರೂ ಮುಖ ಗೊತ್ತಿರುತ್ತದೆ.

● ಆ ಮೂರೂ ಪ್ರಶಸ್ತಿ ಬಂದದ್ದು ಐದೇ ವರ್ಷಗಳೊಳಗಿನ ಚಿತ್ರಗಳಿಗೆ: 1936ರ 'ಕಮ್ ಆ್ಯಂಡ್ ಗೆಟ್ ಇಟ್', 1938ರ 'ಕೆಂಟಕಿ', 1940ರ 'ದಿ ವೆಸ್ಟರ್ನರ್'. ಮೂರೂ ಪೋಷಕ ಪಾತ್ರಗಳು. ಪೋಷಕ ಪಾತ್ರಕ್ಕೇ ಮೂರು ಆಸ್ಕರ್ ಪಡೆದವರು ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಬೇರೆ ಯಾರೂ ಇಲ್ಲ.

● ಪೋಷಕ ನಟರಿಗೆ ಆಸ್ಕರ್ ಕೊಡುವ ಪದ್ಧತಿಯೇ ಶುರುವಾದದ್ದು 1936ರ ಚಿತ್ರಗಳಿಂದ. 1937ರ ಮಾರ್ಚ್ 4ರಂದು ಲಾಸ್ ಏಂಜಲೀಸ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ನಡೆದ ಸಮಾರಂಭದಲ್ಲಿ ಆ ವಿಭಾಗದ ಮೊದಲ ಪ್ರಶಸ್ತಿ ಬ್ರೆನನ್‌ಗೆ ಸಂದಿತು. ಆ ಸಲ ಸ್ಪರ್ಧೆಯಲ್ಲಿದ್ದವರಲ್ಲಿ ಬೇಸಿಲ್ ರಾಥ್‌ಬೋನ್ ಕೂಡ ಒಬ್ಬ. ಮುಂದೆ ಷರ್ಲಾಕ್ ಹೋಮ್ಸ್ ಆಗಿ ಮನೆಮಾತಾದನಲ್ಲ, ಅದೇ ರಾಥ್‌ಬೋನ್.

● ಇಷ್ಟಾದರೂ ಆ ರಾತ್ರಿ ಬ್ರೆನನ್ ಕೈಗೆ ಬಂದದ್ದು ನಾವೆಲ್ಲ ಬಲ್ಲ ಚಿನ್ನದ ಬಣ್ಣದ ಪ್ರತಿಮೆಯಲ್ಲ! ಪೋಷಕ ಕಲಾವಿದರಿಗೆ ಆಗ ಕೊಡುತ್ತಿದ್ದದ್ದು ಗೋಡೆಗೆ ತೂಗುಹಾಕುವಂಥ ಫಲಕ. ಅವರಿಗೂ ಪೂರ್ಣ ಪ್ರತಿಮೆ ಸಿಗಲು ಶುರುವಾದದ್ದು 1943ರ ಚಿತ್ರಗಳಿಂದ. ಬ್ರೆನನ್ ಗೆದ್ದ ಮೂರೂ ಪ್ರಶಸ್ತಿಗಳು ಅದಕ್ಕೆ ಮೊದಲಿನವು. ನಾಯಕನಿಗೊಂದು ಅಳತೆ, ಪಕ್ಕದಲ್ಲಿ ನಿಂತವನಿಗೊಂದು ಅಳತೆ ಎಂಬ ತಾರತಮ್ಯ ಪ್ರಶಸ್ತಿಯ ಗಾತ್ರದಲ್ಲೂ ಇತ್ತು.

● ಹುಟ್ಟಿದ್ದು 1894ರ ಜುಲೈ 25ರಂದು, ಮ್ಯಾಸಚುಸೆಟ್ಸ್‌ನ ಲಿನ್ ಎಂಬ ಊರಿನಲ್ಲಿ, ಐರಿಷ್ ಮೂಲದ ಕುಟುಂಬದಲ್ಲಿ. ಪಶ್ಚಿಮದ ಮರುಭೂಮಿ, ಕುದುರೆ, ದನದ ಹಿಂಡು, ಧೂಳಿನ ಲೋಕಕ್ಕೂ ಅಟ್ಲಾಂಟಿಕ್ ತೀರದ ಆ ಕೈಗಾರಿಕಾ ಪಟ್ಟಣಕ್ಕೂ ಇಡೀ ಅಮೆರಿಕದಷ್ಟು ದೂರ. ತೆರೆಯ ಮೇಲೆ ಅಪ್ಪಟ ಹಳ್ಳಿಗನಾಗಿ ಕಾಣುವ ಈತ ಓದಿದ್ದು ತಾಂತ್ರಿಕ ಶಾಲೆಯಲ್ಲಿ!

● ಮೊದಲ ಮಹಾಯುದ್ಧದಲ್ಲಿ ಬ್ರೆನನ್ ಫ್ರಾನ್ಸಿನಲ್ಲಿ ಫಿರಂಗಿ ದಳದ ಸೈನಿಕ. ವಾಪಸಾದ ಮೇಲೆ 1920ರಲ್ಲಿ ರುತ್ ವೆಲ್ಸ್ ಜತೆ ಮದುವೆ. ಹಾಲಿವುಡ್‌ನಲ್ಲಿ ಅಪರೂಪವೆನ್ನುವಂತೆ ಆ ದಾಂಪತ್ಯ ಐವತ್ತು ವರ್ಷ ದಾಟಿ, ಆತ ಸಾಯುವವರೆಗೂ ನಡೆಯಿತು.

● ನಟನಾಗುವ ಕನಸು ಹೊತ್ತು ಕ್ಯಾಲಿಫೋರ್ನಿಯಾ ರೈಲು ಹತ್ತಿದವನಲ್ಲ ಬ್ರೆನನ್. 1920ರ ದಶಕದ ಮೊದಲ ಭಾಗದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಮೀನು ವ್ಯವಹಾರಕ್ಕೆ ಕೈಹಾಕಿದ್ದ. ಬೆಲೆ ಏರುತ್ತಿದ್ದಾಗ ಕೈತುಂಬ ದುಡ್ಡು, ಬೆಲೆ ಕುಸಿದಾಗ ಎಲ್ಲವೂ ನೀರುಪಾಲು. ಹೆಂಡತಿ ಮಕ್ಕಳನ್ನು ಸಾಕಬೇಕಿತ್ತು. ಸ್ಟುಡಿಯೊಗಳ ಗೇಟಿನ ಮುಂದೆ ದಿನಗೂಲಿಗೆ ನಿಲ್ಲುವ ಎಕ್ಸ್‌ಟ್ರಾಗಳ ಸಾಲಿಗೆ ಹೋಗಿ ಸೇರಿಕೊಂಡ. ಅದೇ ಸುಮಾರಿನಲ್ಲಿ ಅಂಥದೇ ಸಾಲಿನಲ್ಲಿ ನಿಂತಿದ್ದ ಎತ್ತರದ ಹುಡುಗನೊಬ್ಬ ಸ್ನೇಹಿತನಾದ. ಅವನೇ ಗ್ಯಾರಿ ಕೂಪರ್. ಕೂಪರ್ ಬೇಗ ನಾಯಕನಾದ, ಬ್ರೆನನ್ ಹತ್ತು ವರ್ಷ ಅಲ್ಲೇ ಉಳಿದ.

● ಆ ಹತ್ತು ವರ್ಷಗಳ ಗುರುತು ಹುಡುಕುವುದೇ ಒಂದು ಆಟ. 1933ರ 'ದಿ ಇನ್‌ವಿಸಿಬಲ್ ಮ್ಯಾನ್' ನೋಡುವಾಗ, ಅದೃಶ್ಯ ಮನುಷ್ಯ ಯಾರದೋ ಸೈಕಲ್ ಕಿತ್ತುಕೊಂಡು ಹೋಗುವ ದೃಶ್ಯದಲ್ಲಿ ಕಣ್ಣು ನೆಟ್ಟಿರಿ: ಸೈಕಲ್ ಕಳೆದುಕೊಂಡವ ಬ್ರೆನನ್. 1934ರ 'ವುಮನ್ ಹೇಟರ್ಸ್' ಎಂಬ 'ತ್ರೀ ಸ್ಟೂಜಸ್' ಕಿರುಚಿತ್ರದಲ್ಲಿ ರೈಲಿನ ಕಂಡಕ್ಟರ್. 1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್'ನಲ್ಲಿ ಹಳ್ಳಿಯವರ ಗುಂಪಿನಲ್ಲೊಬ್ಬ. ಹೆಸರಿನ ಪಟ್ಟಿಯಲ್ಲಿ ಜಾಗ ಸಿಗದಂಥ, ಒಂದೆರಡು ಮಾತಿನ ಪಾತ್ರಗಳೇ ಹೆಚ್ಚು. ಎರಡೇ ವರ್ಷದಲ್ಲಿ ಅದೇ ಮುಖ ಆಸ್ಕರ್ ವೇದಿಕೆಯ ಮೇಲಿತ್ತು.

● ಹಲ್ಲಿನ ಕತೆ ಹೇಳದೆ ಬ್ರೆನನ್ ಕತೆ ಮುಗಿಯುವುದಿಲ್ಲ. ಮೂವತ್ತರ ದಶಕದ ಆರಂಭದಲ್ಲಿ ಒಂದು ಅಪಘಾತದಲ್ಲಿ ಈತನ ಹಲ್ಲುಗಳು ಹೋದವು. ಕಟ್ಟಿಸಿದ ಹಲ್ಲು ಬಂತು. ಬೇರೆ ನಟನಾಗಿದ್ದರೆ ಮುಚ್ಚಿಡುತ್ತಿದ್ದನೇನೋ, ಬ್ರೆನನ್ ಅದನ್ನೇ ಕಸುಬಿನ ಸಾಮಾನು ಮಾಡಿಕೊಂಡ. ಹಲ್ಲು ಹಾಕಿದರೆ ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಗಂಡಸು. ತೆಗೆದರೆ ಕೆನ್ನೆ ಒಳಕ್ಕೆ ಹೋಗಿ, ಗದ್ದ ಮೇಲಕ್ಕೆ ಬಂದು, ಮಾತು ತೊದಲಿ, ಎಪ್ಪತ್ತು ದಾಟಿದ ಮುದುಕ. ನಿರ್ದೇಶಕ ಹೊವಾರ್ಡ್ ಹಾಕ್ಸ್ ಹೇಳುತ್ತಿದ್ದ ಪ್ರಸಂಗ ಇದು: 'ಬಾರ್ಬರಿ ಕೋಸ್ಟ್' ಚಿತ್ರಕ್ಕೆಂದು ಬ್ರೆನನ್‌ನನ್ನು ಮುಂದೆ ತಂದು ನಿಲ್ಲಿಸಿದಾಗ, ಮಾತು ಒಪ್ಪಿಸುವ ಮೊದಲು ಈತ ಕೇಳಿದ್ದು ಒಂದೇ ಪ್ರಶ್ನೆ. ಇಟ್ಟುಕೊಂಡೋ, ತೆಗೆದೋ? ಏನನ್ನು ಎಂದು ಹಾಕ್ಸ್ ಕೇಳಿದರೆ, ಹಲ್ಲು ಎಂಬ ಉತ್ತರ. ನಗು ತಡೆಯಲಾಗದೆ ಹಾಕ್ಸ್ ಪಾತ್ರ ಕೊಟ್ಟ, ಕೆಲವೇ ದಿನದ ಕೆಲಸಕ್ಕೆಂದು ಬಂದವನ ಪಾತ್ರ ಚಿತ್ರೀಕರಣದ ಉದ್ದಕ್ಕೂ ಬೆಳೆಯುತ್ತಾ ಹೋಯಿತು.

● ಹಾಕ್ಸ್ ಆಮೇಲೆ ಈತನನ್ನು ಬಿಡಲಿಲ್ಲ. 'ಬಾರ್ಬರಿ ಕೋಸ್ಟ್' (1935), 'ಕಮ್ ಆ್ಯಂಡ್ ಗೆಟ್ ಇಟ್', 'ಸಾರ್ಜೆಂಟ್ ಯಾರ್ಕ್' (1941), 'ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್' (1944), 'ರೆಡ್ ರಿವರ್' (1948), 'ರಿಯೊ ಬ್ರಾವೊ' (1959). ಒಟ್ಟು ಆರು ಚಿತ್ರ, ಸುಮಾರು ಕಾಲು ಶತಮಾನ.

● ಮೊದಲ ಆಸ್ಕರ್ ತಂದ 'ಕಮ್ ಆ್ಯಂಡ್ ಗೆಟ್ ಇಟ್' ಎಡ್ನಾ ಫರ್ಬರ್ ಕಾದಂಬರಿಯ ಚಿತ್ರರೂಪ. ವಿಸ್ಕಾನ್ಸಿನ್ ಕಾಡಿನಲ್ಲಿ ಮರ ಕಡಿಯುವ ಸ್ವೀಡಿಷ್ ಕೂಲಿಯಾಳು ಸ್ವಾನ್ ಬಾಸ್ಟ್ರಮ್ ಬ್ರೆನನ್ ಪಾತ್ರ. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್ವಿನ್‌ಗೂ ಹಾಕ್ಸ್‌ಗೂ ಜಗಳವಾಗಿ, ಉಳಿದದ್ದನ್ನು ವಿಲಿಯಂ ವೈಲರ್ ಮುಗಿಸಿದ. ಇಬ್ಬರು ನಿರ್ದೇಶಕರ ಕೈ ಬದಲಾದರೂ ಸ್ವಾನ್‌ನ ಸ್ವಭಾವ ಎಲ್ಲೂ ತಪ್ಪಲಿಲ್ಲ.

● 'ಕೆಂಟಕಿ' ಚಿತ್ರದಲ್ಲಿ ರೇಸ್ ಕುದುರೆ ಸಾಕುವ ವೃದ್ಧ ಪೀಟರ್ ಗುಡ್‌ವಿನ್ ಆಗಿ ಆಸ್ಕರ್ ಗೆದ್ದಾಗ ಬ್ರೆನನ್ ವಯಸ್ಸು ಐವತ್ತೂ ಆಗಿರಲಿಲ್ಲ. ಚಿತ್ರ ಮಾಡುವಾಗ ಬರೀ ನಲವತ್ತನಾಲ್ಕು!

● ಎಕ್ಸ್‌ಟ್ರಾಗಳ ವೋಟಿನಿಂದ ಗೆದ್ದ ಎಂಬ ಮಾತು ಹಾಲಿವುಡ್‌ನಲ್ಲಿ ಬಹಳ ಕಾಲ ಓಡಾಡಿತು. ಆ ವರ್ಷಗಳಲ್ಲಿ ಸಾವಿರಾರು ಎಕ್ಸ್‌ಟ್ರಾಗಳಿಗೂ ಆಸ್ಕರ್ ಮತದಾನದ ಹಕ್ಕಿತ್ತು ನಿಜ. ತಮ್ಮ ಸಾಲಿನಲ್ಲಿ ನಿಂತು ಬಂದವನ ಮೇಲೆ ಅವರಿಗೆ ಪ್ರೀತಿ ಇದ್ದದ್ದೂ ನಿಜವೇ ಇರಬೇಕು. ಮುಂದೆ ಎಕ್ಸ್‌ಟ್ರಾಗಳಿಂದ ಆ ಹಕ್ಕು ತೆಗೆಯಲಾಯಿತು. ಆದರೆ ಅದೊಂದೇ ಕಾರಣ ಎನ್ನುವವರು 'ದಿ ವೆಸ್ಟರ್ನರ್' ನೋಡಿಲ್ಲ ಎಂದೇ ನನ್ನ ಭಾವನೆ. ಅದಿರಲಿ, ದಿನಗೂಲಿ ನಟರು ತಮ್ಮವನೊಬ್ಬನಿಗೆ ವೋಟು ಹಾಕಿದ್ದರೆ ಅದರಲ್ಲಿ ತಪ್ಪೇನು? ಪಕ್ಕದ ಪಾತ್ರದ ಕಷ್ಟ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

● 'ದಿ ವೆಸ್ಟರ್ನರ್' ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವೈಲರ್ ನಿರ್ದೇಶನ, ಗ್ರೆಗ್ ಟೋಲಂಡ್ ಛಾಯಾಗ್ರಹಣ, ನಾಯಕ ಗ್ಯಾರಿ ಕೂಪರ್. ಬ್ರೆನನ್ ಮಾಡಿದ್ದು ಜಡ್ಜ್ ರಾಯ್ ಬೀನ್ ಪಾತ್ರ. ಈ ಬೀನ್ ನಿಜಕ್ಕೂ ಬದುಕಿದ್ದವನು. ಟೆಕ್ಸಾಸ್‌ನ ಲ್ಯಾಂಗ್‌ಟ್ರಿ ಎಂಬ ಕುಗ್ರಾಮದಲ್ಲಿ ಸಾರಾಯಿ ಅಂಗಡಿಯನ್ನೇ ಕೋರ್ಟು ಮಾಡಿಕೊಂಡು, ಪೇಕಸ್ ನದಿಯ ಪಶ್ಚಿಮಕ್ಕೆ ತಾನೇ ಕಾನೂನು ಎಂದು ಕೂತವನು. ಚಿತ್ರದಲ್ಲಿ ಕೂಪರ್ ಮೇಲೆ ಕುದುರೆ ಕದ್ದ ಆರೋಪ, ಗಲ್ಲು ಶಿಕ್ಷೆ ಇನ್ನೇನು ಖಾತ್ರಿ. ಆ ಹೊತ್ತಿಗೆ ಗೋಡೆಯ ತುಂಬ ಇಂಗ್ಲಿಷ್ ನಟಿ ಲಿಲಿ ಲ್ಯಾಂಗ್‌ಟ್ರಿಯ ಚಿತ್ರಗಳು ಕೂಪರ್ ಕಣ್ಣಿಗೆ ಬೀಳುತ್ತವೆ. ತನಗೆ ಲಿಲಿ ಪರಿಚಯ, ಆಕೆಯ ಕೂದಲೆಳೆಯೇ ತನ್ನ ಬಳಿ ಇದೆ ಎಂದು ಒಂದು ಸುಳ್ಳು ಬಿಡುತ್ತಾನೆ. ಆ ಕ್ಷಣ ಬ್ರೆನನ್ ಮುಖ ನೋಡಬೇಕು. ಒಂದು ಜೀವ ತೆಗೆಯಲು ಕೂತಿದ್ದ ಕ್ರೂರಿಯ ಕಣ್ಣಲ್ಲಿ ಹದಿಹರೆಯದ ಹುಡುಗನ ನಾಚಿಕೆ, ಆಸೆ, ಅನುಮಾನ ಒಟ್ಟೊಟ್ಟಿಗೆ ಬರುತ್ತವೆ. ನೇಣು ಮುಂದಕ್ಕೆ ಹೋಗುತ್ತದೆ. ರಾತ್ರಿಯೆಲ್ಲ ಇಬ್ಬರೂ ಕುಡಿದು, ಬೆಳಗ್ಗೆ ಏಳುವಾಗ ಜಡ್ಜ್ ಸಾಹೇಬರ ಕೈ ಆರೋಪಿಯ ಮೈಮೇಲೆ!

ಚಿತ್ರದ ಕೊನೆಯ ಭಾಗ ಇನ್ನೂ ದೊಡ್ಡದು. ಲಿಲಿಯ ನಾಟಕ ಹತ್ತಿರದ ಊರಿಗೆ ಬರುತ್ತದೆಂದು ತಿಳಿದು ಬೀನ್ ಎಲ್ಲ ಟಿಕೆಟ್‌ಗಳನ್ನೂ ತಾನೊಬ್ಬನೇ ಕೊಳ್ಳುತ್ತಾನೆ. ಹಳೆಯ ಸೇನಾ ಸಮವಸ್ತ್ರ ತೊಟ್ಟು ಖಾಲಿ ರಂಗಮಂದಿರದ ನಡುವೆ ಒಬ್ಬನೇ ಕೂರುತ್ತಾನೆ. ಪರದೆ ಮೇಲೇಳುತ್ತದೆ. ರಂಗದ ಮೇಲೆ ಲಿಲಿ ಇಲ್ಲ, ಬಂದೂಕು ಹಿಡಿದ ಕೂಪರ್ ಇದ್ದಾನೆ. ಗುಂಡು ತಿಂದ ಬೀನ್‌ನನ್ನು ಅದೇ ಕೂಪರ್ ಎತ್ತಿಕೊಂಡು ಹೋಗಿ ಲಿಲಿಯ ಮುಂದೆ ನಿಲ್ಲಿಸುತ್ತಾನೆ. ಆಕೆಯ ಕೈಗೆ ಮುತ್ತಿಟ್ಟು ಬೀನ್ ಕುಸಿಯುತ್ತಾನೆ. ಎಷ್ಟು ಜನರನ್ನು ಗಲ್ಲಿಗೇರಿಸಿದವನು ಈತ ಎಂಬುದು ಗೊತ್ತಿದ್ದೂ ನೋಡುವವರ ಗಂಟಲು ಕಟ್ಟುತ್ತದೆ. ಬೀನ್‌ನ ಕ್ರೌರ್ಯವನ್ನು ಬ್ರೆನನ್ ಎಲ್ಲೂ ತಗ್ಗಿಸಿಲ್ಲ, ಆ ಕ್ರೌರ್ಯದ ಪಕ್ಕದಲ್ಲೇ ಪ್ರೀತಿಯನ್ನೂ ತಂದಿಟ್ಟಿದ್ದಾನೆ. ಈ ನಟನ ಬದುಕಿನ ಅತ್ಯುತ್ತಮ ಕೆಲಸ ಇದು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

● ಇತಿಹಾಸದಲ್ಲಿ ಆದದ್ದು ಬೇರೆ. ನಿಜವಾದ ರಾಯ್ ಬೀನ್ 1903ರಲ್ಲಿ ತೀರಿಕೊಂಡ. ಲಿಲಿ ಲ್ಯಾಂಗ್‌ಟ್ರಿ ಬೀನ್‌ನ ಊರಿಗೆ ಬಂದದ್ದು 1904ರಲ್ಲಿ. ಅವರಿಬ್ಬರ ಭೇಟಿ ಆಗಲೇ ಇಲ್ಲ.

● ಈ ಚಿತ್ರದ ಕತೆ ಓದಿದಾಗಲೇ ಕೂಪರ್‌ಗೆ ಗೊತ್ತಾಗಿತ್ತು, ದೊಡ್ಡ ಪಾತ್ರ ತನ್ನದಲ್ಲ, ಗೆಳೆಯನದು ಎಂದು. ಒಪ್ಪಲು ಮನಸ್ಸಿರಲಿಲ್ಲ. ಗೋಲ್ಡ್ವಿನ್ ಜತೆಗಿನ ಕರಾರು ಬಿಡಲಿಲ್ಲ. ಕೂಪರ್ ಆಸ್ಕರ್ ಗೆದ್ದದ್ದು ಮರುವರ್ಷದ 'ಸಾರ್ಜೆಂಟ್ ಯಾರ್ಕ್' ಚಿತ್ರಕ್ಕೆ. ಅದರಲ್ಲಿ ಟೆನೆಸಿಯ ಹಳ್ಳಿಯ ಪಾದ್ರಿ ಪೈಲ್ ಆಗಿ, ಹುಬ್ಬು ದಪ್ಪ ಮಾಡಿಕೊಂಡು, ಹುಡುಗನನ್ನು ದಾರಿಗೆ ತರುವ ಹಿರಿಯನಾಗಿ ನಿಂತವನು ಮತ್ತೆ ಬ್ರೆನನ್. ಆ ಪಾತ್ರಕ್ಕೆ ಈತನಿಗೆ ನಾಲ್ಕನೇ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಯ ಡೊನಾಲ್ಡ್ ಕ್ರಿಸ್ಪ್ ಪಾಲಾಯಿತು.

● ಅದೇ 1941ರಲ್ಲಿ ಫ್ರಾಂಕ್ ಕಾಪ್ರಾನ 'ಮೀಟ್ ಜಾನ್ ಡೋ' ಕೂಡ ಬಂತು. ಅಲ್ಲಿ ಕೂಪರ್ ಜತೆ ಅಲೆಯುವ 'ಕರ್ನಲ್' ಎಂಬ ನಿರ್ಗತಿಕ ಬ್ರೆನನ್. ದುಡ್ಡು ಕಂಡರೆ ಓಡುವವನು! ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ಏನಾದರೂ ಮಾರಲು ಜನ ಬೆನ್ನುಹತ್ತುತ್ತಾರೆ, ಕೊಂಡದ್ದಕ್ಕೆ ಇನ್ನಷ್ಟು ಖರ್ಚು, ಕೊನೆಗೆ ನೀನೂ ಅವರಲ್ಲೊಬ್ಬನಾಗುತ್ತೀಯ ಎಂದು ಈತ ಒಂದೇ ಉಸಿರಿಗೆ ಕೊಡುವ ಉಪನ್ಯಾಸ, ಕಂತಿನ ಮೇಲೆ ಫೋನು ಕೊಳ್ಳುವ ನಮ್ಮ ಕಾಲಕ್ಕೂ ಚುಚ್ಚುತ್ತದೆ.

● ಫ್ರಾನ್ಸಿನ ಮಹಾನ್ ನಿರ್ದೇಶಕ ಜಾನ್ ರೆನ್ವಾರ್ ಅಮೆರಿಕದಲ್ಲಿ ಮಾಡಿದ ಮೊದಲ ಚಿತ್ರ 'ಸ್ವಾಂಪ್ ವಾಟರ್' (1941). ಜಾರ್ಜಿಯಾದ ಜೌಗು ಕಾಡಿನಲ್ಲಿ ಕೊಲೆ ಆರೋಪ ಹೊತ್ತು ಅಡಗಿರುವವನ ಪಾತ್ರ ಬ್ರೆನನ್‌ನದು. ಎರಡು ವರ್ಷದ ಮೇಲೆ ಜರ್ಮನಿಯಿಂದ ಬಂದಿದ್ದ ಫ್ರಿಟ್ಜ್ ಲಾಂಗ್ 'ಹ್ಯಾಂಗ್‌ಮೆನ್ ಆಲ್ಸೊ ಡೈ!' ಚಿತ್ರದಲ್ಲಿ ಈತನನ್ನು ಪ್ರಾಗ್ ನಗರದ ಪ್ರೊಫೆಸರ್ ಮಾಡಿದ. ಕತೆಯಲ್ಲಿ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಕೈಯೂ ಇತ್ತು. ಗೊಣಗಾಟವಿಲ್ಲ, ಕುಂಟಿಲ್ಲ, ನೆಟ್ಟಗೆ ನಿಂತ ವಿದ್ವಾಂಸ. ಬ್ರೆನನ್‌ಗೆ ಒಂದೇ ವೇಷ ಗೊತ್ತಿತ್ತು ಎನ್ನುವವರು ಇದನ್ನು ನೋಡಬೇಕು.

● ಲಾರೆನ್ ಬಕಾಲ್‌ಳ ಮೊದಲ ಚಿತ್ರ 'ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್'. ಹತ್ತೊಂಬತ್ತರ ಹುಡುಗಿ, ಎದುರಿಗೆ ಬೊಗಾರ್ಟ್. ಎಲ್ಲರೂ ಮಾತಾಡುವುದು ಆ ಜೋಡಿಯ ಬಗ್ಗೆಯೇ. ಆದರೆ ಆ ಹುಡುಗಿ ಎಂಥವಳು ಎಂದು ನಮಗೆ ತೋರಿಸಿಕೊಡುವುದು ಕುಡುಕ ಎಡ್ಡಿಯ ಪಾತ್ರದ ಬ್ರೆನನ್. ಸಿಕ್ಕವರನ್ನೆಲ್ಲ ಎಡ್ಡಿ ಒಂದು ವಿಚಿತ್ರ ಪ್ರಶ್ನೆ ಕೇಳುತ್ತಾನೆ: ಸತ್ತ ಜೇನುಹುಳ ನಿನ್ನನ್ನು ಯಾವತ್ತಾದರೂ ಕಚ್ಚಿದೆಯೇ? ಉಳಿದವರಿಗೆ ಅದು ಕುಡುಕನ ಬಡಬಡಿಕೆ. ಬಕಾಲ್ ಮಾತ್ರ ಗಂಭೀರವಾಗಿ, ನಿನ್ನನ್ನು ಕಚ್ಚಿದೆಯೇ ಎಂದು ತಿರುಗಿ ಕೇಳುತ್ತಾಳೆ. ಎಡ್ಡಿಯ ಮುಖ ಅರಳುತ್ತದೆ. ಆ ಒಂದು ಮಾತಿನಿಂದ ಆಕೆ ನಮ್ಮ ಮನಸ್ಸಿನಲ್ಲೂ ಗೆದ್ದಿರುತ್ತಾಳೆ. ಒಳ್ಳೆಯ ಪೋಷಕ ನಟ ಮಾಡುವ ಕೆಲಸ ಇದು. ತನ್ನ ಪಾತ್ರವನ್ನು ಕಟ್ಟುವುದರ ಜತೆಗೆ ಎದುರಿಗಿರುವವರ ಪಾತ್ರವನ್ನೂ ಕಟ್ಟಿಕೊಡುತ್ತಾನೆ.

● ಜಾನ್ ಫೋರ್ಡ್‌ನ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' (1946) ಚಿತ್ರದ ಬ್ರೆನನ್‌ನನ್ನು ಕಂಡರೆ ಮೈ ಜುಮ್ಮೆನ್ನುತ್ತದೆ. ದನಗಳ್ಳ ಕ್ಲಾಂಟನ್ ಮುದುಕ. ಊರಿನ ಮಾರ್ಷಲ್‌ನ ಮುಂದೆ ವಿನಯದಿಂದ ಕ್ಷಮೆ ಕೇಳಿ, ಆತ ಅತ್ತ ಹೋದದ್ದೇ ತಡ, ಬಂದೂಕು ಎಳೆದೂ ಕೊಲ್ಲದೆ ಬಿಟ್ಟದ್ದಕ್ಕೆ ಬೆಳೆದ ಗಂಡುಮಕ್ಕಳನ್ನು ಚಾಟಿಯಿಂದ ಬಾರಿಸುತ್ತಾನೆ. ಅಜ್ಜನಂತೆ ಮುದ್ದು ಬರಿಸುತ್ತಿದ್ದ ಅದೇ ಮುಖ, ಅದೇ ಗಂಟಲು. ಒಳಗಿನ ಬೆಚ್ಚಗಿನ ಭಾವವನ್ನು ಮಾತ್ರ ತೆಗೆದುಹಾಕಿದ್ದಾನೆ.

● ಫೋರ್ಡ್‌ಗೂ ಬ್ರೆನನ್‌ಗೂ ಸೆಟ್‌ನಲ್ಲಿ ಸರಿಹೋಗಲಿಲ್ಲ. ಆಮೇಲೆ ಫೋರ್ಡ್ ನಿರ್ದೇಶನದಲ್ಲಿ ಈತ ಕಾಣಿಸಿಕೊಳ್ಳಲೇ ಇಲ್ಲ. 'ಹೌ ದಿ ವೆಸ್ಟ್ ವಾಸ್ ವನ್' ಚಿತ್ರದಲ್ಲಿ ಇಬ್ಬರ ಹೆಸರೂ ಇದೆಯಲ್ಲ ಎಂದು ಕೇಳಬಹುದು. ಆ ಚಿತ್ರಕ್ಕೆ ಮೂವರು ನಿರ್ದೇಶಕರು. ಬ್ರೆನನ್ ನದಿಗಳ್ಳನಾಗಿ ಬರುವ ಭಾಗ ಹೆನ್ರಿ ಹಾಥವೇಯದು.

● 'ರೆಡ್ ರಿವರ್'ನಲ್ಲಿ ದನದ ಹಿಂಡಿನೊಂದಿಗೆ ಸಾಗುವ ಅಡುಗೆ ಬಂಡಿಯ ಸಾರಥಿ ಗ್ರೂಟ್. ಇಲ್ಲಿ ಹಲ್ಲು ಸೆಟ್ಟಿಗೇ ಒಂದು ಪಾತ್ರ! ಇಸ್ಪೀಟಾಟದಲ್ಲಿ ಪಣಕ್ಕಿಟ್ಟು ತನ್ನ ಹಲ್ಲನ್ನು ಕ್ವೋ ಎಂಬ ಮೂಲನಿವಾಸಿ ಜತೆಗಾರನಿಗೆ ಸೋಲುತ್ತಾನೆ. ಊಟದ ಹೊತ್ತಿಗೆ ಮಾತ್ರ ವಾಪಸು ಎಂಬ ಒಪ್ಪಂದ. ನಗಿಸುತ್ತಲೇ ಈ ಗ್ರೂಟ್ ಚಿತ್ರದ ಆತ್ಮಸಾಕ್ಷಿಯೂ ಆಗುತ್ತಾನೆ. ಯಜಮಾನ ಜಾನ್ ವೇನ್ ದಿನೇದಿನೇ ಕಠಿಣನಾಗುತ್ತಾ ಹೋಗುವಾಗ ಎದುರು ನಿಂತು ನೀನು ಮಾಡುತ್ತಿರುವುದು ತಪ್ಪು ಎಂದು ಹೇಳಲು ಧೈರ್ಯವಿರುವುದು ಈ ಅಡುಗೆಯವನಿಗೆ.

● 'ರೆಡ್ ರಿವರ್'ನ ಎರಡು ರೂಪಗಳು ಇಂದಿಗೂ ಸಿಗುತ್ತವೆ. ಒಂದರಲ್ಲಿ ಕತೆಯ ಕೊಂಡಿಗಳು ಪುಸ್ತಕದ ಹಾಳೆಗಳಾಗಿ ತೆರೆಯ ಮೇಲೆ ಬರುತ್ತವೆ. ಇನ್ನೊಂದರಲ್ಲಿ ಹಾಳೆಗಳ ಬದಲು ಗ್ರೂಟ್‌ನ ದನಿಯಲ್ಲಿ ಬ್ರೆನನ್ ಕತೆ ಹೇಳುತ್ತಾನೆ. ನನ್ನ ಆಯ್ಕೆ ಎರಡನೆಯದು. ಆ ದನಿಯಲ್ಲಿ ಕೇಳಿದರೆ ಸಾವಿರ ಮೈಲಿಯ ನಡಿಗೆಯನ್ನು ನಡೆದವನ ಬಾಯಿಂದಲೇ ಕೇಳಿದಂತಾಗುತ್ತದೆ.

● ಆಂಥನಿ ಮ್ಯಾನ್‌ನ 'ದಿ ಫಾರ್ ಕಂಟ್ರಿ'ಯಲ್ಲಿ ಜೇಮ್ಸ್ ಸ್ಟೂವರ್ಟ್‌ನ ಗೆಳೆಯ ಬೆನ್. ಕಾಫಿ ಇಲ್ಲದೆ ಬದುಕಲಾರದವನು. ಪ್ರಯಾಣಕ್ಕೆಂದು ಹೆಚ್ಚು ಕಾಫಿ ಕೊಳ್ಳಲು ಹೋಗಿ ತಾವು ಊರು ಬಿಡುವ ಗುಟ್ಟು ಬಿಟ್ಟುಕೊಡುತ್ತಾನೆ, ಅದೇ ಅವನ ಪ್ರಾಣಕ್ಕೆ ಎರವಾಗುತ್ತದೆ.

● 1955ರ 'ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್' ಚಿತ್ರದಲ್ಲಿ ಆ ಪುಟ್ಟ ಊರಿನ ಡಾಕ್ಟರೂ ಈತನೇ, ಹೆಣ ಹೂಳುವ ವ್ಯವಸ್ಥೆ ಮಾಡುವವನೂ ಈತನೇ. ಇಡೀ ಊರು ಹಳೆಯ ಪಾಪವೊಂದನ್ನು ಮುಚ್ಚಿಟ್ಟುಕೊಂಡಿರುವಾಗ ಮೊದಲು ನಾಚಿಕೆಪಡುವವನು ಈ ಡಾಕ್ಟರ್.

● 'ರಿಯೊ ಬ್ರಾವೊ'ದ ಸ್ಟಂಪಿ ಹೆಚ್ಚಿನವರಿಗೆ ಅಚ್ಚುಮೆಚ್ಚು. ಜೈಲಿನ ಕಂಬಿಗಳಿಗೆ ಕಾವಲು ಕೂತ ಕುಂಟ ಮುದುಕ. ಕೈಯಲ್ಲಿ ಬಂದೂಕು, ಬಾಯಲ್ಲಿ ಎಡೆಬಿಡದ ದೂರು. ಇಷ್ಟು ಮಾಡಿದರೂ ಒಂದು ಒಳ್ಳೆಯ ಮಾತಿಲ್ಲ ಎಂದು ಶೆರಿಫ್ ಜಾನ್ ವೇನ್ ಮೇಲೆ ಹರಿಹಾಯುತ್ತಾನೆ. ವೇನ್ ಮಾತಿಲ್ಲದೆ ಬಗ್ಗಿ ಅವನ ಬೋಳು ತಲೆಗೆ ಒಂದು ಮುತ್ತು ಕೊಟ್ಟು ನಡೆಯುತ್ತಾನೆ. ಸ್ಟಂಪಿ ಕೈಗೆ ಸಿಕ್ಕ ಪೊರಕೆಯಿಂದ ಹಿಂದಿನಿಂದ ಒಂದೇಟು ಬಿಡುತ್ತಾನೆ! ಆ ಒಂದು ಪೊರಕೆ ಏಟಿನಲ್ಲಿ ಇಬ್ಬರ ಇಷ್ಟು ವರ್ಷದ ಸಲುಗೆ ಕಾಣುತ್ತದೆ. ಇದೇ ಜೈಲಿನಲ್ಲಿ ಡೀನ್ ಮಾರ್ಟಿನ್, ರಿಕಿ ನೆಲ್ಸನ್ ಹಾಡಲು ಕೂತಾಗ ಮೌತ್ ಆರ್ಗನ್ ನುಡಿಸುತ್ತಾ ಜತೆಗೂಡುವವನೂ ಸ್ಟಂಪಿಯೇ.

● ಐವತ್ತರ ದಶಕದಲ್ಲಿ ಹಾಲಿವುಡ್ ಸ್ಟುಡಿಯೊಗಳು ತಿಂಗಳ ಸಂಬಳದ ಕಲಾವಿದರನ್ನು ಇಟ್ಟುಕೊಳ್ಳುವುದನ್ನು ಬಿಡುತ್ತಾ ಬಂದವು. ಅದರ ಮೊದಲ ಪೆಟ್ಟು ಬಿದ್ದದ್ದು ಪೋಷಕ ನಟರ ಮೇಲೆ. ಅವರನ್ನು ಎತ್ತಿಕೊಂಡದ್ದು ಟೆಲಿವಿಷನ್. ವಿಲಿಯಂ ಫ್ರಾಲಿ 'ಐ ಲವ್ ಲೂಸಿ'ಗೆ ಹೋದ, ವಾರ್ಡ್ ಬಾಂಡ್ 'ವ್ಯಾಗನ್ ಟ್ರೇನ್' ಹತ್ತಿದ, ಆಗ್ನೆಸ್ ಮೂರ್‌ಹೆಡ್ ಮುಂದೆ 'ಬಿವಿಚ್ಡ್' ಸೇರಿದಳು. ಸಣ್ಣ ಪರದೆಗೆ ಬೆಟ್ಟ ಬಯಲಿನ ನೋಟ ಹಿಡಿಸುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ತಕ್ಷಣ ಗುರುತು ಸಿಗುವ ಮುಖ, ಕಣ್ಣು ಮುಚ್ಚಿದರೂ ಗೊತ್ತಾಗುವ ದನಿ. ಹಿರಿತೆರೆಯಲ್ಲಿ ನಾಯಕನ ಪಕ್ಕ ನಿಂತವರು ಕಿರುತೆರೆಯಲ್ಲಿ ಮನೆಯ ಯಜಮಾನರಾದರು.

● ಬ್ರೆನನ್ ಸರದಿ ಬಂದದ್ದು 1957ರ ಅಕ್ಟೋಬರ್ 3ರಂದು, ಎಬಿಸಿ ವಾಹಿನಿಯ 'ದಿ ರಿಯಲ್ ಮೆಕಾಯ್ಸ್' ಧಾರಾವಾಹಿಯಿಂದ. ವಯಸ್ಸು ಅರವತ್ತಮೂರು. ವೆಸ್ಟ್ ವರ್ಜೀನಿಯಾದ ಬೆಟ್ಟದ ಊರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಕಣಿವೆಯ ಹೊಲಮನೆಗೆ ಗುಳೆ ಬಂದ ಕುಟುಂಬದ ಕತೆ. ಬ್ರೆನನ್ ಆ ಮನೆಯ ಅಜ್ಜ ಏಮಸ್ ಮೆಕಾಯ್. ಒಂದು ಭುಜ ತಗ್ಗಿಸಿ, ಒಂದು ಕಾಲು ಎಳೆದು, ತೋಳು ಬೀಸುತ್ತಾ ನಡೆಯುವ ಆ ನಡಿಗೆಯನ್ನು ಅಮೆರಿಕದ ಮನೆಮನೆಗಳಲ್ಲಿ ಮಕ್ಕಳು ಅನುಕರಿಸಿದರು. ಆರು ವರ್ಷ, 224 ಕಂತು. ಕೊನೆಯ ವರ್ಷ ಸಿಬಿಎಸ್‌ನಲ್ಲಿ ಪ್ರಸಾರ. ಈ ಪಾತ್ರಕ್ಕೆ ಎಮ್ಮಿ ನಾಮನಿರ್ದೇಶನವೂ ಬಂತು.

● ಹಳ್ಳಿಯವರ ಹಾಸ್ಯ ಪೇಟೆಯ ವೀಕ್ಷಕರಿಗೆ ಹಿಡಿಸೀತೇ ಎಂಬ ಅನುಮಾನ ವಾಹಿನಿಗಳಿಗಿತ್ತು. 'ಮೆಕಾಯ್ಸ್' ಗೆದ್ದ ಮೇಲೆ ಅಂಥ ಧಾರಾವಾಹಿಗಳು ಸಾಲುಗಟ್ಟಿದವು. 1962ರ 'ದಿ ಬೆವರ್ಲಿ ಹಿಲ್‌ಬಿಲ್ಲೀಸ್' ಸೃಷ್ಟಿಸಿದ ಪಾಲ್ ಹೆನ್ನಿಂಗ್ ಅದಕ್ಕೂ ಮೊದಲು 'ಮೆಕಾಯ್ಸ್'ಗೆ ಕಂತುಗಳನ್ನು ಬರೆದವನು.

● ಆ ಮನೆಯ ಮೊಮ್ಮಗ ಲ್ಯೂಕ್ ಪಾತ್ರದ ರಿಚರ್ಡ್ ಕ್ರೆನ್ನಾನನ್ನು ನೀವೂ ನೋಡಿದ್ದೀರಿ. 'ರ‍್ಯಾಂಬೊ' ಚಿತ್ರಗಳಲ್ಲಿ ಸಿಲ್ವೆಸ್ಟರ್ ಸ್ಟಲೋನ್‌ನ ಹಳೆಯ ಸೇನಾಧಿಕಾರಿ ಕರ್ನಲ್ ಟ್ರಾಟ್‌ಮನ್ ಆತನೇ!

● 1962ರಲ್ಲಿ ಬ್ರೆನನ್ ಹಾಡುಗಳ ಜನಪ್ರಿಯ ಪಟ್ಟಿಗೂ ಏರಿದ. 'ಓಲ್ಡ್ ರಿವರ್ಸ್' ಎಂಬ ರೆಕಾರ್ಡ್‌ನಲ್ಲಿ ಈತ ಹಾಡುವುದಿಲ್ಲ, ಮಾತಾಡುತ್ತಾನೆ. ಹೇಸರಗತ್ತೆ ಕಟ್ಟಿ ಹೊಲ ಉಳುತ್ತಿದ್ದ ಮುದಿ ರೈತನೊಬ್ಬನ ನೆನಪು, ಹಿಂದೆ ಕೋರಸ್. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದನೇ ಸ್ಥಾನ. ಪಟ್ಟಿಯ ತುಂಬ ಹದಿಹರೆಯದ ಹುಡುಗರ ಹಾಡುಗಳಿದ್ದ ಕಾಲದಲ್ಲಿ ಅರವತ್ತೇಳರ ನಟನ ಬರೀ ಮಾತು!

● ಟೆಲಿವಿಷನ್‌ನಲ್ಲಿ ಆಮೇಲೂ ಸುಮ್ಮನಿರಲಿಲ್ಲ. 1964ರಲ್ಲಿ 'ದಿ ಟೈಕೂನ್', ಒಂದೇ ವರ್ಷ ಓಡಿತು. 1967ರಿಂದ 69ರವರೆಗೆ 'ದಿ ಗನ್ಸ್ ಆಫ್ ವಿಲ್ ಸಾನೆಟ್': ಬಂದೂಕುಗಾರನಾಗಿ ಮನೆಬಿಟ್ಟ ಮಗನನ್ನು ಹುಡುಕುತ್ತಾ ಮೊಮ್ಮಗನೊಂದಿಗೆ ಊರೂರು ಅಲೆಯುವ ಅಜ್ಜ. ಎಪ್ಪತ್ತು ದಾಟಿದವನು ಕುದುರೆ ಮೇಲೆ. ನಲವತ್ತರಲ್ಲಿ ಮುದುಕನ ವೇಷ ಹಾಕುತ್ತಿದ್ದವನಿಗೆ ಈಗ ವೇಷವೇ ಬೇಕಿರಲಿಲ್ಲ.

● ಡಿಸ್ನಿಯ 'ದಿ ನೋಮ್‌ಮೊಬೈಲ್' (1967) ಚಿತ್ರದಲ್ಲಿ ಬ್ರೆನನ್‌ದು ದ್ವಿಪಾತ್ರ. ಮರದ ವ್ಯಾಪಾರದ ಶ್ರೀಮಂತನೂ ಈತನೇ, ಕಾಡು ಕಳೆದುಕೊಳ್ಳುತ್ತಿರುವ ಗೇಣುದ್ದದ ಮುದುಕನೂ ಈತನೇ.

● ಮೆಚ್ಚುವ ಹೊತ್ತಿನಲ್ಲಿ ಇನ್ನೊಂದು ಮುಖವನ್ನೂ ಹೇಳಲೇಬೇಕು. ರಾಜಕೀಯದಲ್ಲಿ ಬ್ರೆನನ್ ತೀವ್ರ ಬಲಪಂಥೀಯ. 1964ರ ಅಧ್ಯಕ್ಷ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಬೆಂಬಲಿಗ, 1972ರಲ್ಲಿ ಅವರಿಗಿಂತಲೂ ಬಲಕ್ಕಿದ್ದ ಜಾನ್ ಶ್ಮಿಟ್ಜ್ ಬೆಂಬಲಿಗ. ಕಪ್ಪುಜನರ ನಾಗರಿಕ ಹಕ್ಕು ಚಳವಳಿಯ ಹಿಂದೆ ಕಮ್ಯುನಿಸ್ಟರ ಕೈವಾಡವಿದೆ ಎಂದು ನಂಬಿದ್ದ. 'ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್' ಒಬ್ಬ ಜಪಾನಿ ಅಮೆರಿಕನ್ ರೈತನನ್ನು ಜನಾಂಗದ್ವೇಷಕ್ಕೆ ಕೊಂದ ಊರಿನ ಕತೆ. ಆ ಊರಿನ ನಾಚಿಕೆಯನ್ನು ಅಷ್ಟು ಸತ್ಯವಾಗಿ ತೋರಿಸಿದವನೇ ತನ್ನ ಕಾಲದ ಅನ್ಯಾಯಕ್ಕೆ ಕುರುಡಾಗಿದ್ದ ಎಂಬುದು ನನ್ನನ್ನು ನೋಯಿಸುತ್ತದೆ. ಅಭಿನಯ ಎಷ್ಟೇ ದೊಡ್ಡದಿದ್ದರೂ ಇದು ಅಳಿಸಿಹೋಗುವುದಿಲ್ಲ.

● ಚಿತ್ರೀಕರಣ ಇಲ್ಲದಾಗ ಬ್ರೆನನ್ ಇರುತ್ತಿದ್ದದ್ದು ಆರಿಗನ್ ರಾಜ್ಯದ ಜೋಸೆಫ್ ಎಂಬ ಸಣ್ಣ ಊರಿನ ಹತ್ತಿರ, ತನ್ನ ದನಗಳ ರ‍್ಯಾಂಚಿನಲ್ಲಿ. ವಿಸ್ತಾರ ಸುಮಾರು 12,000 ಎಕರೆ. ಆ ಊರಲ್ಲಿ ಒಂದು ಮೋಟೆಲನ್ನೂ ಕಟ್ಟಿಸಿದ.

● 1970ರಲ್ಲಿ ಒಕ್ಲಹೋಮದ ಕೌಬಾಯ್ ವಸ್ತುಸಂಗ್ರಹಾಲಯದ ಗೌರವ ಪಟ್ಟಿಯಲ್ಲಿ ಹೆಸರು ಸೇರಿತು. 1974ರ ಸೆಪ್ಟೆಂಬರ್ 21ರಂದು, ಎಂಬತ್ತನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ನಿಧನ. ಕೊನೆಯ ಚಿತ್ರ 'ಸ್ಮೋಕ್ ಇನ್ ದಿ ವಿಂಡ್' ತೆರೆಕಂಡದ್ದು ಆಮೇಲೆ. ಸಿನಿಮಾ, ಟಿವಿ ಎರಡೂ ಸೇರಿದರೆ ಕಾಣಿಸಿಕೊಂಡದ್ದು ಇನ್ನೂರಕ್ಕೂ ಹೆಚ್ಚು ಕಡೆ.

● ಬ್ರೆನನ್‌ನನ್ನು ಇನ್ನೂ ನೋಡಿಲ್ಲದವರು 'ರಿಯೊ ಬ್ರಾವೊ'ದಿಂದ ಶುರು ಮಾಡಬಹುದು, ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಆಮೇಲೆ 'ದಿ ವೆಸ್ಟರ್ನರ್', ಅದರ ಬೆನ್ನಿಗೇ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್'. ರಾಯ್ ಬೀನ್‌ನ ಮೇಲೆ ಹುಟ್ಟಿದ ಮರುಕ ಆರುವ ಮೊದಲೇ ಕ್ಲಾಂಟನ್‌ನ ಚಾಟಿಯನ್ನು ನೋಡಿ. ಒಬ್ಬನೇ ನಟ ಎಂದು ನಂಬಲು ಹೆಸರಿನ ಪಟ್ಟಿಯನ್ನು ಮತ್ತೊಮ್ಮೆ ಓದಬೇಕಾಗುತ್ತದೆ.